ಮಾರಿಕಣಿವೆ ಸುತ್ತು, 160 ಕಿ.ಮೀ.: ಎಲ್ಲಿಂದ ಹೊರಡೋದು, ಯಾವ ಕಡೆಗೆ ತಿರುಗೋದು?

ಬೆಣ್ಣೆನಗರಿ ಸವಾರ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ನಾಲ್ಕು ಜನ. ಡಿಸೆಂಬರ್ ಎರಡನೇ ಭಾನುವಾರ ಒಂದು ದೊಡ್ಡ ಸುತ್ತು ಹೊಡೆಯಬೇಕು ಅಂತ ಮನಸ್ಸು ಮಾಡಿದ್ದೇವೆ. ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಮಾರಿಕಣಿವೆ ಅಣೆಕಟ್ಟೆ ಇರುವ ವಾಣಿವಿಲಾಸಪುರ, ಹಿರಿಯೂರು, ಮತ್ತೆ ಚಿತ್ರದುರ್ಗ. ನಕ್ಷೆಯಲ್ಲಿ ಅಳೆದರೆ 160 ಕಿ.ಮೀ. ಆಸುಪಾಸು ಬರುತ್ತದೆ. ಕೊನೆಗೆ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟ ಹತ್ತಿ ಮುಗಿಸಬೇಕು ಅನ್ನೋದು ಆಸೆ.

ನಮ್ಮ ತಯಾರಿ ಹೇಳಿಬಿಡುತ್ತೇನೆ. ನಾವು ಬೆಳೆದದ್ದು ಭದ್ರಾ ನಾಲೆ, ಭತ್ತದ ಗದ್ದೆ ನಡುವೆ. ಮಟ್ಟಸ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕಾದರೂ ತುಳಿಯುತ್ತೇವೆ. ವಾರಕ್ಕೆ ಎರಡು ದಿನ ಕೊಂಡಜ್ಜಿ ಕಡೆ ಹೋಗಿ ಬರುತ್ತೇವೆ. ಹೋದ ತಿಂಗಳು ಸೂಳೆಕೆರೆಗೆ ಹೋಗಿ ಸಂತೇಬೆನ್ನೂರು ಪುಷ್ಕರಣಿ ನೋಡಿಕೊಂಡು ವಾಪಸ್ ಬಂದಾಗ 100 ಕಿ.ಮೀ. ದಾಟಿತ್ತು. ಅದೇ ಇಲ್ಲಿಯವರೆಗೆ ಜಾಸ್ತಿ. ಎರಡು ರೋಡ್ ಬೈಕ್, ಎರಡು ಹೈಬ್ರಿಡ್. ರೋಡ್ ಬೈಕ್‌ಗಳಲ್ಲಿ ಗೇರ್ ಚಕ್ರದ ಹಲ್ಲು ಮುಂದೆ 50/34, ಹಿಂದೆ 11-28.

ಏರು ತಗ್ಗಿನ ರಸ್ತೆಯಲ್ಲಿ ಇಷ್ಟು ದೂರ ಇದೇ ಮೊದಲು. ಆ ಕಡೆಯ ರಸ್ತೆ ತುಳಿದು ಗೊತ್ತಿರುವವರು ದಯವಿಟ್ಟು ಹೇಳಿ. ಈ ಕ್ರಮ ಸರಿಯಾ?

ಕೋಟೆ ಬುಡದವನು

ದುರ್ಗಕ್ಕೆ ಬನ್ನಿ, ಸಂತೋಷ. ಆದರೆ ಮೊದಲ ಮಾತು: ಜೋಗಿಮಟ್ಟಿಯನ್ನು ಕೊನೆಗೆ ಇಡಬೇಡಿ. ಅದು ಊರಿಗೆ ಅಂಟಿಕೊಂಡ ಹಾಗೆ ಕಂಡರೂ ವನ್ಯಜೀವಿ ಧಾಮ. ಕರಡಿ, ಚಿರತೆ ಇರುವ ಕಾಡು. ಅರಣ್ಯ ಇಲಾಖೆಯ ಗೇಟ್ ದಾಟಿಯೇ ಹೋಗಬೇಕು. ಸಂಜೆ ಹೊತ್ತಿಗೆ 160 ಕಿ.ಮೀ. ತುಳಿದು ಬಂದ ಕಾಲಲ್ಲಿ ಅಲ್ಲಿ ಹತ್ತೋದೂ ಕಷ್ಟ, ಇಳಿಯೋದು ಇನ್ನೂ ಕಷ್ಟ. ದಣಿದ ಕೈ ಬ್ರೇಕನ್ನು ಸರಿಯಾಗಿ ಹಿಡಿಯೋದಿಲ್ಲ. ಅದಕ್ಕೇ ಒಂದು ಬೆಳಗ್ಗೆ ಬೇರೆ ಇಟ್ಟುಕೊಳ್ಳಿ. ಆಡುಮಲ್ಲೇಶ್ವರದ ತನಕ ನಿಧಾನ ಬಂದು, ಅಲ್ಲಿಂದ ಮುಂದೆ ಅನುಮತಿ ಕೇಳಿಕೊಂಡು ಹತ್ತಬಹುದು.

ಎರಡನೇ ಮಾತು ಗಾಳಿ. ನೀವು ಏರಿನ ಬಗ್ಗೆ ಕೇಳಿದ್ದೀರಿ, ಗಾಳಿಯ ಬಗ್ಗೆ ಕೇಳಲೇ ಇಲ್ಲ. ನಮ್ಮ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರ ಯಾಕೆ ನಿಲ್ಲಿಸಿದ್ದಾರೆ ಹೇಳಿ? ಇಲ್ಲಿ ಗಾಳಿ ಇದೆ ಅಂತಾನೇ.

ಬೆಣ್ಣೆನಗರಿ ಸವಾರ

ಸರಿ ಅಣ್ಣ, ಜೋಗಿಮಟ್ಟಿ ಬಿಟ್ಟೆವು. ಗಾಳಿ ಮಳೆಗಾಲದಲ್ಲಿ ತಾನೇ ಜಾಸ್ತಿ? ಡಿಸೆಂಬರ್‌ನಲ್ಲಿ ಅಷ್ಟು ಇರಲ್ಲ ಅಂದುಕೊಂಡಿದ್ದೆ.

ಕೋಟೆ ಬುಡದವನು

ಮಳೆಗಾಲದಲ್ಲಿ ಜೋರು, ನಿಜ. ಜೂನ್‌ನಿಂದ ಆಗಸ್ಟ್ ತನಕ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ನಡೆಯುವವರನ್ನೇ ತಳ್ಳುತ್ತದೆ. ಡಿಸೆಂಬರ್‌ನಲ್ಲಿ ದಿಕ್ಕು ಬದಲಾಗುತ್ತದೆ. ಮೂಡಲಿಂದ, ಈಶಾನ್ಯದಿಂದ ಬರುತ್ತದೆ. ಜೋರು ಕಡಿಮೆ, ಆದರೆ ಬಿಡುವಿಲ್ಲ.

ಬೆಳಗಿನ ಜಾವ ಎಲೆಯೂ ಅಲ್ಲಾಡಲ್ಲ. ರಾತ್ರಿ ನೆಲ ತಣ್ಣಗಾದಾಗ ಕೆಳಗಿನ ಗಾಳಿ ಸುಮ್ಮನೆ ನಿಂತುಬಿಡುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಮೇಲಿನ ಜೋರು ಗಾಳಿ ಕೆಳಗೆ ಇಳಿಯುತ್ತದೆ. ಒಂಬತ್ತು, ಒಂಬತ್ತೂವರೆಗೆ ಶುರುವಾದರೆ ಸಂಜೆ ತನಕ ಇರುತ್ತದೆ.

ಈಗ ನಿಮ್ಮ ಕ್ರಮ ನೋಡಿ. ದುರ್ಗದಿಂದ 6ಕ್ಕೆ ಹೊರಟರೆ ಹೊಸದುರ್ಗ ಮುಟ್ಟೋದು ಹತ್ತರ ಹತ್ತಿರ. ಅಲ್ಲಿಂದ ವಾಣಿವಿಲಾಸಪುರ, ಹಿರಿಯೂರು ಅಂದರೆ ಸುಮಾರು 52 ಕಿ.ಮೀ. ಮೂಡಣಕ್ಕೆ ಮುಖ ಮಾಡಿ ಹೋಗಬೇಕು. ಸರಿಯಾಗಿ ಗಾಳಿ ಎದ್ದ ಹೊತ್ತಿಗೆ, ಗಾಳಿಗೆ ಎದುರಾಗಿ. ನೀವು ಗಂಟೆಗೆ 20ರಲ್ಲಿ ಹೋಗುತ್ತಿದ್ದೀರಿ, ಎದುರುಗಾಳಿ 15ರಲ್ಲಿ ಬರುತ್ತಿದೆ ಅಂತ ಇಟ್ಟುಕೊಳ್ಳಿ. ಮೈಗೆ ಬಡಿಯುವ ಗಾಳಿ 35 ಆಯಿತು. ಗಾಳಿ ತಡೆಯುವ ಬಲ ವೇಗದ ವರ್ಗದಷ್ಟು ಏರುತ್ತದೆ, ಅಂದರೆ ಮೂರು ಪಟ್ಟು. ದಿಬ್ಬವಾದರೆ ಹತ್ತಿದ ಮೇಲೆ ಇಳಿಯುತ್ತದೆ. ಎದುರುಗಾಳಿಗೆ ಇಳಿಜಾರು ಅನ್ನೋದೇ ಇಲ್ಲ.

ಕಪ್ಪುನೆಲ

ಹಾಗಾದರೆ ತಿರುಗಿಸಿ. ಮೊದಲು ಹಿರಿಯೂರು, ಆಮೇಲೆ ಹೊಸದುರ್ಗ. ಮೂಡುಗಾಳಿ ಬೆನ್ನಿಗೆ ಬರುತ್ತದೆ. ದುರ್ಗದಿಂದ ಹಿರಿಯೂರಿಗೆ ಒಟ್ಟಾರೆ ಇಳಿಜಾರು. 40 ಕಿ.ಮೀ. ಹಾರಿಕೊಂಡು ಹೋಗಬಹುದು.

ನೀಲಿ ಹೆಲ್ಮೆಟ್

ಹಾರಿಕೊಂಡು ಹೋಗೋದು ಹೆದ್ದಾರಿ 48ರ ಮೇಲೆ, ಅದೂ ಕತ್ತಲೆಯಲ್ಲಿ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟೋದು 6:30 ದಾಟಿದ ಮೇಲೆ. ರಾತ್ರಿಯಿಡೀ ಲಾರಿ ಓಡಿಸಿದವರಿಗೆ ನಿದ್ದೆ ಎಳೆಯುವ ಹೊತ್ತು ಅದೇ. ನಾನು ಎರಡು ವರ್ಷದ ಹಿಂದೆ ಒಂದು ಹೆದ್ದಾರಿಯಲ್ಲಿ ಬೆಳಗಿನ ಜಾವ ಐದೂವರೆಗೆ ಹೋಗುವಾಗ ಲಾರಿಯೊಂದು ಬಿಳಿ ಗೆರೆ ದಾಟಿ ಅಂಚಿಗೆ ಬಂತು. ನಾನು ಸೈಕಲ್ ಸಮೇತ ಹುಲ್ಲಿಗೆ ಇಳಿದೆ. ಮೈಗೆ ಏನೂ ಆಗಲಿಲ್ಲ. ಆದರೆ ಆ ಶಬ್ದ ಇನ್ನೂ ಕಿವಿಯಲ್ಲಿದೆ. ಹೆದ್ದಾರಿ ಹಗಲಲ್ಲಿ ಮಾತ್ರ. ಇದರಲ್ಲಿ ನಾನು ರಾಜಿ ಆಗಲ್ಲ.

ಇನ್ನೊಂದು, ಹಾಗೆ ತಿರುಗಿಸಿದರೆ ಕೊನೆಯ ಭಾಗ ಹೊಳಲ್ಕೆರೆಯಿಂದ ದುರ್ಗಕ್ಕೆ. ಅದು ಈಶಾನ್ಯ ದಿಕ್ಕು. ಮಧ್ಯಾಹ್ನದ ಬಿಸಿಲು, ಸೋತ ಕಾಲು, ಎದುರಿಗೆ ಗಾಳಿ. ಬೆಳಗ್ಗೆ ಉಳಿಸಿದ್ದನ್ನೆಲ್ಲ ಅಲ್ಲಿ ಕಟ್ಟಬೇಕು.

ಹೊಳಲ್ಕೆರೆ ಮೇಷ್ಟ್ರು

ನಿಮ್ಮೆಲ್ಲರ ಮಾತು ಓದಿದೆ. ನಾನು ಈ ಸುತ್ತನ್ನು ಮೂರು ಸಲ ಮಾಡಿದ್ದೇನೆ, ಮೂರು ಸಲವೂ ಬೇರೆ ಬೇರೆ ಕಡೆಯಿಂದ. ಒಂದು ಸಲಹೆ ಕೊಡಲಾ?

ಸುತ್ತು ಅಂದ ಮೇಲೆ ಅದಕ್ಕೆ ತಲೆ ಬಾಲ ಇರಲ್ಲ. ದುರ್ಗದಿಂದಲೇ ಹೊರಡಬೇಕು ಅಂತ ಯಾರೂ ಹೇಳಿಲ್ಲ. ದಾವಣಗೆರೆಯವರು ಹೇಗಿದ್ದರೂ ಕಾರಿನಲ್ಲಿ ಸೈಕಲ್ ಹಾಕಿಕೊಂಡು ಬರಬೇಕು. ಹಾಗಿದ್ದರೆ ಶನಿವಾರ ಸಂಜೆ ಹೊಸದುರ್ಗಕ್ಕೆ ಬಂದು ಮಲಗಿ. ಬೆಳಗ್ಗೆ ಅಲ್ಲಿಂದ ಮೂಡಣಕ್ಕೆ ಹೊರಡಿ. ನಿಂತ ಗಾಳಿಯಲ್ಲಿ ವಾಣಿವಿಲಾಸಪುರ ದಾಟಿಬಿಡುತ್ತೀರಿ. ಗಾಳಿ ಏಳುವ ಹೊತ್ತಿಗೆ ಹಿರಿಯೂರು ಹತ್ತಿರ. ಹೆದ್ದಾರಿಗೆ ಬರುವಾಗ ಒಳ್ಳೆ ಹಗಲು. ಹಿರಿಯೂರಿಂದ ದುರ್ಗಕ್ಕೆ ಹೋಗುವಾಗ ವಾಯವ್ಯ ದಿಕ್ಕು, ಅಂದರೆ ಗಾಳಿ ಅಡ್ಡ, ಒಮ್ಮೊಮ್ಮೆ ಸ್ವಲ್ಪ ಬೆನ್ನಿಗೆ. ದುರ್ಗದಲ್ಲಿ ಊಟ. ಅಲ್ಲಿಂದ ಹೊಳಲ್ಕೆರೆಗೆ ಪೂರಾ ಬೆನ್ನಗಾಳಿ. ದಣಿದ ಹೊತ್ತಲ್ಲಿ ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ ಇರುತ್ತದೆ. ನಮ್ಮೂರಿಂದ ಹೊಸದುರ್ಗಕ್ಕೆ ಉಳಿಯೋದು 32 ಕಿ.ಮೀ.

ರಸ್ತೆ ಅದೇ, ದೂರ ಅದೇ, ದಿಬ್ಬಗಳೂ ಅವೇ. ಹೊರಡುವ ಜಾಗ ಮಾತ್ರ ಬೇರೆ. ನನಗೆ ಇದು ಗೊತ್ತಾಗಿದ್ದು ಮೂರನೇ ಸಲ. ಮೊದಲ ಸಲ ನಿಮ್ಮ ಹಾಗೇ ದುರ್ಗದಿಂದ ಹೊರಟು, ಹಿರಿಯೂರಿಗೆ ಹತ್ತು ಕಿ.ಮೀ. ಇರುವಾಗ ಒಂದು ಬೇವಿನ ಮರದ ಕೆಳಗೆ ಕೂತು ಏಳಲಾರದೆ ಹೋಗಿದ್ದೆ.

ಬೆಣ್ಣೆನಗರಿ ಸವಾರ

ಮೇಷ್ಟ್ರೇ, ಇದನ್ನು ಓದಿ ನಕ್ಷೆ ಮತ್ತೆ ತೆಗೆದು ನೋಡಿದೆ. ಎಷ್ಟು ಸರಳ ಅಲ್ವಾ! ನಾವು ನಾಲ್ಕೂ ಜನ ಮೂರು ವಾರದಿಂದ ಬರೀ ಎಡಕ್ಕಾ ಬಲಕ್ಕಾ ಅಂತ ವಾದ ಮಾಡುತ್ತಿದ್ದೆವು. ಹೊಸದುರ್ಗದಿಂದಲೇ ಹೊರಡುತ್ತೇವೆ.

ಸಮಯದ ಲೆಕ್ಕ ಹಾಕಿದ್ದೇನೆ, ನೋಡಿ ಹೇಳಿ. ತುಳಿಯುವಾಗ ಗಂಟೆಗೆ 18. ಅಂದರೆ 160ಕ್ಕೆ ಒಂಬತ್ತು ಗಂಟೆ. ತಿಂಡಿ, ಊಟ, ಪಂಕ್ಚರ್ ಅಂತ ಒಂದೂಮುಕ್ಕಾಲು ಗಂಟೆ. 6ಕ್ಕೆ ಹೊರಟರೆ ಸಂಜೆ ಐದಕ್ಕೆ ಮೊದಲು ವಾಪಸ್.

ಹೊಳಲ್ಕೆರೆ ಮೇಷ್ಟ್ರು

ಒಟ್ಟಾರೆ ವೇಗ ಗಂಟೆಗೆ 15 ಆಯಿತು. 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ) ಹದಿಮೂರೂವರೆ ಗಂಟೆ ಕೊಡುತ್ತಾರಲ್ಲ, ಅದೂ ಹೆಚ್ಚುಕಮ್ಮಿ ಇದೇ ವೇಗ. ಹಾಗಾಗಿ ಲೆಕ್ಕ ನ್ಯಾಯವಾಗಿದೆ. ಆದರೆ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಿಮ್ಮ ಕೈಯಲ್ಲಿ ಉಳಿಯೋದು ಒಂದು ಗಂಟೆ ಅಷ್ಟೇ.

ಅದಕ್ಕೆ ಒಂದು ಗಡುವು ಈಗಲೇ ಇಟ್ಟುಕೊಳ್ಳಿ. ಮಧ್ಯಾಹ್ನ 1 ಗಂಟೆಗೆ ದುರ್ಗ ಮುಟ್ಟದವರು ಅಲ್ಲೇ ನಿಲ್ಲಬೇಕು. ಇದನ್ನು ಮನೆಯಲ್ಲಿ ಕೂತಾಗಲೇ ಒಪ್ಪಿಕೊಳ್ಳಬೇಕು. ರಸ್ತೆಯಲ್ಲಿ ನಿಂತು ತೀರ್ಮಾನ ಮಾಡಲು ಹೋದರೆ ಯಾರೂ ನಿಲ್ಲಲ್ಲ.

ಚೈನ್ ಮೇಲೆ ಕೈ

ದಾವಣಗೆರೆಯಲ್ಲಿ ಸೈಕಲ್ ರಿಪೇರಿ ಮಾಡ್ತೀನಿ. ಗೇರ್ ವಿಷಯ ಯಾರೂ ಮಾತಾಡಲಿಲ್ಲ, ನಾನು ಹೇಳ್ತೀನಿ.

ಮುಂದೆ 34 ಹಲ್ಲು, ಹಿಂದೆ 28 ಹಲ್ಲು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಸ್ವಲ್ಪ ಮೇಲೆ ಹೋಗ್ತೀರಿ. ಹಿಂದೆ 32 ಇದ್ದರೆ ಅದೇ 60 ಸುತ್ತಿಗೆ 8 ಕಿ.ಮೀ. ವ್ಯತ್ಯಾಸ ಒಂದೇ ಕಿಲೋಮೀಟರ್ ಅಂತ ಕಾಣಿಸುತ್ತದೆ. ಆದರೆ ನೂರು ಮೀಟರಿಗೆ ಎಂಟು ಮೀಟರ್ ಏರುವ ದಿಬ್ಬದಲ್ಲಿ, ಸವಾರ ಸೈಕಲ್ ಸೇರಿ 80 ಕೆ.ಜಿ. ಇದ್ದರೆ, ಮೊದಲನೆಯದಕ್ಕೆ 170 ವ್ಯಾಟ್ ಬೇಕು, ಎರಡನೆಯದಕ್ಕೆ 150. ಬೆಳಗ್ಗೆ ಆ 20 ವ್ಯಾಟ್ ಲೆಕ್ಕಕ್ಕಿಲ್ಲ. ನೂರು ಕಿಲೋಮೀಟರ್ ಆದ ಮೇಲೆ ಮಂಡಿ ಕೇಳೋದು ಅದನ್ನೇ.

ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು ಬದಲಾಯಿಸೋ ಮುಂಚೆ, ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಹಿಂದಿನ ಡಿರೇಲರ್ ನೋಡಿಸಿ. ಶಿಮಾನೊ ಕಂಪನಿಯ 105 ಆರ್7000 ಮಾದರಿಯಲ್ಲೇ ಎರಡು ಬಗೆ ಇದೆ, ಚೈನ್ ಹಿಡಿಯುವ ಕೇಜ್ ಗಿಡ್ಡ ಇರೋದು, ಉದ್ದ ಇರೋದು. ಗಿಡ್ಡ ಕೇಜ್ 30 ಹಲ್ಲಿನ ತನಕ, ಉದ್ದ ಕೇಜ್ 34ರ ತನಕ. ಗಿಡ್ಡ ಕೇಜ್‌ಗೆ 32 ಹಾಕಿಸಿ ಎಳೆಯಬೇಡಿ. ದೊಡ್ಡ ಕ್ಯಾಸೆಟ್ ಹಾಕಿದರೆ ಚೈನೂ ಉದ್ದದ್ದು ಬೇಕಾಗಬಹುದು. ಹಳೇ ಚೈನ್ ಗಿಡ್ಡವಾಗಿದ್ದು, ಮುಂದೆ ದೊಡ್ಡದಕ್ಕೆ ಹಿಂದೆ ದೊಡ್ಡದಕ್ಕೆ ಬಿದ್ದರೆ ಡಿರೇಲರ್ ಕಿತ್ತುಕೊಂಡು ಬರುತ್ತದೆ.

ಇದೆಲ್ಲ ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಎರಡು ವಾರ ಮುಂಚೆ ಮಾಡಿಸಿ, ಅದರಲ್ಲಿ 60, 70 ಕಿ.ಮೀ. ಓಡಿಸಿ. ಹೊಸ ಗೇರ್ ಕೇಬಲ್ ಮೊದಮೊದಲು ಸಡಿಲ ಆಗುತ್ತದೆ, ಮತ್ತೆ ಬಿಗಿ ಮಾಡಿಸಬೇಕು. ಬ್ರೇಕ್ ರಬ್ಬರ್ ಕೂಡ ನೋಡಿಸಿ. ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಹಿಡಿದುಕೊಂಡೇ ಇಳಿಯಬಾರದು, ರಿಮ್ ಕಾಯುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನಲ್ಲಿ ಅಲ್ಲ.

ಬೆಣ್ಣೆನಗರಿ ಸವಾರ

ನಮ್ಮದು ಗಿಡ್ಡ ಕೇಜೇ ಇರಬೇಕು ಅಣ್ಣ. ನಾಳೆ ನೋಡಿಸಿ 11-30 ಹಾಕಿಸುತ್ತೇವೆ. ಟಯರ್ ಬಗ್ಗೆಯೂ ಹೇಳಿ. ಈಗ 25 ಮಿ.ಮೀ. ಅಗಲದ್ದು ಇದೆ.

ಚೈನ್ ಮೇಲೆ ಕೈ

ಫ್ರೇಮ್‌ನಲ್ಲಿ ಜಾಗ ಇದ್ದರೆ 28 ಹಾಕಿ. 70 ಕೆ.ಜಿ. ಮನುಷ್ಯನಿಗೆ ಗಾಳಿ 80 ಪಿಎಸ್‌ಐ ಸಾಕು. ನೂರಿಪ್ಪತ್ತು ಹೊಡೆದು ಕಲ್ಲಿನಂಥ ಟಯರ್ ಮಾಡಿಕೊಂಡರೆ ವೇಗ ಬರಲ್ಲ, ಕೈ ಮರಗಟ್ಟುತ್ತದೆ ಅಷ್ಟೇ.

ಮೂಡಲ ಮನೆ ಹುಡುಗಿ

ನನ್ನ ಊರು ಹೊಸದುರ್ಗ ತಾಲ್ಲೂಕು. ಅಪ್ಪ ತೆಂಗು, ರಾಗಿ ಬೆಳೆಯುತ್ತಾರೆ. ನಾನು ವಾರಕ್ಕೊಮ್ಮೆ ವಾಣಿವಿಲಾಸಪುರದ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತೇನೆ. ಈ ಕಡೆಯ ಎರಡು ವಿಷಯ ನಿಮಗೆ ಗೊತ್ತಿರಬೇಕು.

ಒಂದು, ಜಾಲಿ. ರಸ್ತೆ ಪಕ್ಕದಲ್ಲಿ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಸೌದೆಗೆ ಕಡಿದು ಎತ್ತಿಕೊಂಡು ಹೋಗುವಾಗ ಮುಳ್ಳು ಟಾರಿನ ಅಂಚಿಗೆ ಬೀಳುತ್ತದೆ. ಲಾರಿಗೆ ಜಾಗ ಬಿಡಲು ನಾವು ಅಂಚಿಗೆ ಸರಿದಾಗಲೇ ಚುಚ್ಚೋದು. ಗಾಡಿ ಇಲ್ಲದಾಗ ಅಂಚಿಗಿಂತ ಒಂದು ಮೊಳ ಒಳಗೇ ಹೋಗಿ. ಮೂತ್ರಕ್ಕೋ ಫೋಟೋಗೋ ನಿಂತಾಗ ಸೈಕಲನ್ನು ಮಣ್ಣಿಗೆ ಇಳಿಸಬೇಡಿ, ಎತ್ತಿ ಹಿಡಿದುಕೊಳ್ಳಿ.

ನನಗೆ ಒಂದೇ ಬೆಳಗ್ಗೆ ಮೂರು ಪಂಕ್ಚರ್ ಆಗಿತ್ತು. ಮೊದಲ ಸಲ ಟ್ಯೂಬ್ ಬದಲಾಯಿಸಿದೆ, ಎರಡು ಕಿಲೋಮೀಟರಿಗೆ ಮತ್ತೆ ಕೂತಿತು. ಮತ್ತೆ ಬದಲಾಯಿಸಿದೆ, ಮತ್ತೆ ಅದೇ. ಅಳು ಬರುತ್ತಿತ್ತು. ಮುಳ್ಳಿನ ತುದಿ ಟಯರ್ ಒಳಗೇ ಮುರಿದು ಕೂತಿತ್ತು, ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ಅವತ್ತಿನಿಂದ ಟ್ಯೂಬ್ ತೆಗೆದ ಮೇಲೆ ಟಯರ್ ಒಳಗೆ ಬೆರಳನ್ನು ನಿಧಾನ ಒಂದು ಸುತ್ತು ಆಡಿಸುತ್ತೇನೆ. ಬಟ್ಟೆ ಆಡಿಸಿದರೆ ಇನ್ನೂ ಒಳ್ಳೆಯದು, ಮುಳ್ಳಿಗೆ ನೂಲು ಸಿಕ್ಕಿಕೊಂಡು ಜಾಗ ಗೊತ್ತಾಗುತ್ತದೆ. ತಲೆಗೆ ಎರಡು ಟ್ಯೂಬ್, ಗುಂಪಿಗೆ ಎರಡು ಪಂಪ್, ಒಂದು ಪ್ಯಾಚ್ ಡಬ್ಬಿ ಇರಲಿ. ಪ್ಯಾಚ್ ಹಾಕುವಾಗ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಹೊಳಪು ಹೋಗುವ ತನಕ ಕಾಯಬೇಕು. ಅವಸರ ಮಾಡಿದರೆ ಹಿಡಿಯಲ್ಲ.

ಎರಡು, ರಾಗಿ. ಡಿಸೆಂಬರ್ ಅಂದರೆ ನಮ್ಮಲ್ಲಿ ಒಕ್ಕಣೆ ಕಾಲ. ರಸ್ತೆಯಲ್ಲೇ ತೆನೆ ಹರಡಿರುತ್ತಾರೆ, ಗಾಡಿ ಹತ್ತಿ ಕಾಳು ಉದುರಲಿ ಅಂತ. ಅದರ ಮೇಲೆ ಸೈಕಲ್ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು, ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಂಡು ಡಿರೇಲರ್ ಮುರಿಯಬಹುದು. ದೂರದಿಂದ ಕಂದು ಚಾಪೆ ಹಾಸಿದ ಹಾಗೆ ಕಂಡರೆ ಇಳಿದು ತಳ್ಳಿಕೊಂಡು ಹೋಗಿ. ದಯವಿಟ್ಟು ಅಲ್ಲಿರುವವರ ಮೇಲೆ ರೇಗಬೇಡಿ. ಕಣ ಮಾಡಲು ಜಾಗ, ಆಳು ಎರಡೂ ಇಲ್ಲದವರು ಬೇರೆ ದಾರಿ ಇಲ್ಲದೆ ಹಾಗೆ ಮಾಡುತ್ತಾರೆ. "ಏನಮ್ಮಾ, ರಾಗಿ ಹೆಂಗಾಗಿದೆ ಈ ಸಲ?" ಅಂತ ಕೇಳಿ. ನೀರು ಕೊಡುತ್ತಾರೆ, ಕೂರಿ ಅನ್ನುತ್ತಾರೆ.

ನೀಲಿ ಹೆಲ್ಮೆಟ್

ಅಕ್ಕ ಬರೆದದ್ದು ಪ್ರತಿ ಸೈಕಲ್ ಗುಂಪಿನವರೂ ಓದಬೇಕು. ನಾನೂ ಒಮ್ಮೆ ರಾಗಿ ಹುಲ್ಲಿನ ಮೇಲೆ ಹಾದು ಹೋಗಿ ಅರ್ಧ ಗಂಟೆ ಚೈನ್ ಬಿಡಿಸುತ್ತಾ ಕೂತಿದ್ದೆ.

ಹೆದ್ದಾರಿ ಭಾಗಕ್ಕೆ ಒಂದು ಮಾತು. ಹಿರಿಯೂರಿಂದ ದುರ್ಗಕ್ಕೆ ಹೋಗುವಾಗ ಗಾಳಿ ಬಲಗಡೆಯಿಂದ ಬರುತ್ತದೆ. ಅದು ನಿಮ್ಮನ್ನು ಎಡಕ್ಕೆ ತಳ್ಳುತ್ತಿರುತ್ತದೆ, ನೀವು ಗೊತ್ತಿಲ್ಲದೆ ಬಲಕ್ಕೆ ವಾಲಿಕೊಂಡು ಹೋಗುತ್ತಿರುತ್ತೀರಿ. ಆಗ ದೊಡ್ಡ ಲಾರಿ ಪಕ್ಕಕ್ಕೆ ಬಂದರೆ ಗಾಳಿ ಒಮ್ಮೆಲೇ ನಿಂತುಹೋಗುತ್ತದೆ. ವಾಲಿದ ಸೈಕಲ್ ಲಾರಿ ಕಡೆಗೇ ಒಂದು ಹೆಜ್ಜೆ ಸರಿಯುತ್ತದೆ. ಲಾರಿ ದಾಟಿದ ಮೇಲೆ ಮತ್ತೆ ಗಾಳಿ ಬಡಿಯುತ್ತದೆ. ಇದು ಗೊತ್ತಿದ್ದರೆ ಹೆದರಿಕೆ ಇಲ್ಲ. ಗೊತ್ತಿಲ್ಲದಿದ್ದರೆ ಜೀವಕ್ಕೆ ಅಪಾಯ. ಲಾರಿ ಶಬ್ದ ಕೇಳಿದ ಕೂಡಲೇ ಎರಡೂ ಕೈ ಹ್ಯಾಂಡಲ್ ಮೇಲೆ ಇರಲಿ. ಬಾಟಲಿ ತೆಗೆಯೋದು, ಹಿಂದೆ ತಿರುಗಿ ಮಾತಾಡೋದು ಆಮೇಲೆ.

ಜೋಡಿಯಾಗಿ ಹೋಗಬೇಡಿ, ಸಾಲಾಗಿ ಹೋಗಿ. ಹಗಲಾದರೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ. ಸೇತುವೆ ಬಂದ ಕಡೆ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಅಲ್ಲಿ ಎದುರಿಂದ ಬರುವ ಬೈಕ್, ಟ್ರ್ಯಾಕ್ಟರ್ ನೋಡಿಕೊಳ್ಳಿ.

ಜೊತೆಗೆ ಕಾರು ಬರುತ್ತಿದ್ದರೆ ಹಿಂದೆ ನಿಧಾನ ಬರೋದು ಬೇಡ. ಹೆದ್ದಾರಿಯಲ್ಲಿ ಗಂಟೆಗೆ 18ರಲ್ಲಿ ಹೋಗುವ ಕಾರೇ ಒಂದು ಅಪಾಯ. ಅದು ಹತ್ತು ಹದಿನೈದು ಕಿ.ಮೀ. ಮುಂದೆ ಹೋಗಿ, ಐಮಂಗಲದಂಥ ಊರಿನೊಳಗೆ ನಿಂತು ಕಾಯಲಿ.

ಕಪ್ಪುನೆಲ

ಹೆದ್ದಾರಿ ಬಿಟ್ಟು ದುರ್ಗದ ಪಡುವಣಕ್ಕೆ, ಭೀಮಸಮುದ್ರದ ಕಡೆಯಿಂದ ಹೋದರೆ? ಕೆರೆ, ಅಡಿಕೆ ತೋಟ, ನೋಡಲು ಚೆನ್ನಾಗಿದೆ.

ಕೋಟೆ ಬುಡದವನು

ನೋಡಲು ಚೆನ್ನಾಗಿದೆ, ನಿಜ. ಆದರೆ ಆ ಕಡೆ ಗಣಿ ಅದಿರಿನ ಲಾರಿ ಓಡಾಡುತ್ತವೆ. ಕೆಂಪು ಧೂಳು ಕುಡಿದುಕೊಂಡು ಹತ್ತಬೇಕು. ಈ ಸಲ ಬೇಡ.

ಬಿಳಿ ಕೋಟು

ಹಿರಿಯೂರಿನವಳು, ನರ್ಸ್ ಕೆಲಸ. ಸೈಕಲ್ ಗೊತ್ತಿಲ್ಲ, ಬಿಸಿಲಲ್ಲಿ ಬಿದ್ದು ಬರುವವರನ್ನು ನೋಡಿ ಗೊತ್ತು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಕಡೆ ನಮ್ಮದು. ಚಳಿಗಾಲದಲ್ಲೂ ಹನ್ನೊಂದರ ಮೇಲೆ ಬಿಸಿಲು ಚುರುಕು. ಒಣ ಗಾಳಿಗೆ ಬೆವರು ತಕ್ಷಣ ಆರುತ್ತದೆ. ಹಾಗಾಗಿ ಬೆವರೇ ಬರುತ್ತಿಲ್ಲ ಅಂದುಕೊಳ್ಳುತ್ತೀರಿ.

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯಿರಿ, ಒಂದೇ ಸಲ ಅಲ್ಲ, ಗುಟುಕು ಗುಟುಕಾಗಿ. ಬರೀ ನೀರೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತು, ವಾಂತಿ ಬರುತ್ತದೆ. ಒಆರ್‌ಎಸ್ ಇಟ್ಟುಕೊಳ್ಳಿ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ ಅಂತ ಮಾಡಿದ್ದು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿಯಬೇಡಿ. ಗಟ್ಟಿಯಾದರೆ ಬಾಯಾರಿಕೆ ಹೆಚ್ಚುತ್ತದೆ.

ತಿನ್ನೋದಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಪಿಷ್ಟ ಬೇಕು. ಒಂದು ಬಾಳೆಹಣ್ಣು, ಒಂದು ಶೇಂಗಾ ಚಿಕ್ಕಿ, ಒಂದು ಚೂರು ಬೆಲ್ಲ ಅಂದರೆ ಸರಿಹೋಗುತ್ತದೆ. ಹಸಿವಾದ ಮೇಲೆ ತಿನ್ನೋದಲ್ಲ, ಮೊದಲ ಗಂಟೆಯಿಂದಲೇ ತಿನ್ನಬೇಕು. ಮಂಡಕ್ಕಿ ಮೆಣಸಿನಕಾಯಿ ಆಸೆ ಆಗುತ್ತದೆ, ನನಗೂ ಇಷ್ಟ. ಆದರೆ ಎಣ್ಣೆ ತಿಂಡಿಯನ್ನು ಸವಾರಿ ಮುಗಿದ ಮೇಲೆ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಮಾತ್ರೆ ತಗೊಳ್ಳುವವರು ಗುಂಪಿನಲ್ಲಿ ಇದ್ದರೆ ಮೊದಲೇ ಡಾಕ್ಟರನ್ನು ಕೇಳಲಿ.

ಬೆಣ್ಣೆನಗರಿ ಸವಾರ

ನಮ್ಮಲ್ಲೊಬ್ಬರು ಬಿಪಿ ಮಾತ್ರೆ ತಗೊಳ್ಳುತ್ತಾರೆ. ನಿಮ್ಮ ಮಾತು ಓದಿ ಇವತ್ತೇ ಹೋಗಿ ತೋರಿಸಿಕೊಂಡು ಬಂದರು. ಹೋಗಬಹುದು ಅಂದಿದ್ದಾರೆ. ತುಂಬಾ ಧನ್ಯವಾದ.

ಮೇಷ್ಟ್ರೇ, ಅಣೆಕಟ್ಟೆ ಹತ್ತಿರ ಎಷ್ಟು ಹೊತ್ತು ನಿಲ್ಲಬಹುದು?

ಹೊಳಲ್ಕೆರೆ ಮೇಷ್ಟ್ರು

ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ, ನಿಲ್ಲದೆ ಹೋಗಬೇಡಿ. ಎರಡು ಗುಡ್ಡಗಳ ನಡುವಿನ ಕಿಂಡಿಗೆ ಕಟ್ಟೆ ಹಾಕಿ ವೇದಾವತಿಯನ್ನು ನಿಲ್ಲಿಸಿದ್ದಾರೆ. 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ್ದು. ಕಣಿವೆ ಮಾರಮ್ಮನ ಗುಡಿ ಅಲ್ಲೇ ಇದೆ, ಮಾರಿಕಣಿವೆ ಅನ್ನುವ ಹೆಸರು ಬಂದದ್ದು ಅವಳಿಂದ. ನನ್ನ ಅಜ್ಜ 1933ರಲ್ಲಿ ಕೋಡಿ ಬಿದ್ದದ್ದನ್ನು ನೋಡಿದ್ದೆ ಅಂತ ಹೇಳುತ್ತಿದ್ದರು. ನಮ್ಮ ಅಪ್ಪನಿಗೆ ಅದು ನೋಡಲು ಸಿಗಲೇ ಇಲ್ಲ. 2022ರಲ್ಲಿ, 89 ವರ್ಷ ಆದ ಮೇಲೆ ಮತ್ತೆ ಕೋಡಿ ಬಿತ್ತು. ಅವತ್ತು ನಾನು ಶಾಲೆ ಮುಗಿಸಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಜನ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಬರಗಾಲ ಕಂಡ ಸೀಮೆಯವರಿಗೆ ಅದು ಏನು ಅಂತ ನಾನು ಬರೆದು ಹೇಳಲಾರೆ.

ಸೈಕಲ್ ಹೊಡೆದುಕೊಂಡು ಬರುವಾಗ ಒಣ ಗುಡ್ಡ, ಜಾಲಿ, ಗುಡ್ಡ, ಜಾಲಿ. ಆಮೇಲೆ ಒಮ್ಮೆಲೇ ಅಷ್ಟು ನೀರು. ಅದಕ್ಕಾದರೂ ನಿಲ್ಲಿ.

ಮೂಡಲ ಮನೆ ಹುಡುಗಿ

ಇವತ್ತು ಬೆಳಗ್ಗೆ ನಿಮಗೋಸ್ಕರ ಅಣೆಕಟ್ಟೆ ತನಕ ಹೋಗಿ ಬಂದೆ. 6:15ಕ್ಕೆ ಹೊರಟೆ. ಚಳಿ ಇತ್ತು, ಗಾಳಿ ಸ್ವಲ್ಪವೂ ಇರಲಿಲ್ಲ. ಏಳರ ಹೊತ್ತಿಗೆ ಸೂರ್ಯ ಬಲಗಣ್ಣಿಗೆ ಹೊಡೆಯುತ್ತಾನೆ, ಟೋಪಿ ಅಥವಾ ಕನ್ನಡಕ ಇರಲಿ. ಹಿಂದೆ ಬರುವ ಗಾಡಿಯವರಿಗೂ ಕಣ್ಣು ಕುಕ್ಕುತ್ತದೆ, ದೀಪ ಆರಿಸಬೇಡಿ. ನಾಲ್ಕು ಕಡೆ ರಾಗಿ ಹಾಸಿದ್ದರು. ಅಣೆಕಟ್ಟೆಯಿಂದ ವಾಪಸ್ ಹೊರಟಾಗ ಒಂಬತ್ತು ದಾಟಿತ್ತು. ಅಷ್ಟರಲ್ಲಿ ಗಾಳಿ ಬೆನ್ನಿಗೆ ಬಂದಾಗಿತ್ತು. ಅಂದರೆ ಮೇಷ್ಟ್ರ ಲೆಕ್ಕ ಸರಿ. ನಿಮಗೆ ಅದು ಎದುರಾಗುವ ಮುಂಚೆ ಹಿರಿಯೂರಿನ ಹತ್ತಿರ ಇರುತ್ತೀರಿ.

ಸಣ್ಣ ಊರುಗಳಲ್ಲಿ ಬೆಳಗ್ಗೆ ಅಂಗಡಿ ತೆರೆದಿರಲ್ಲ. ಹೊಸದುರ್ಗದಿಂದಲೇ ಎರಡೂ ಬಾಟಲಿ ತುಂಬಿಸಿಕೊಂಡು ಹೊರಡಿ.

ಬೆಣ್ಣೆನಗರಿ ಸವಾರ

ಅಕ್ಕ, ನಮಗಾಗಿ ಅಷ್ಟು ದೂರ ಹೋಗಿ ಬಂದಿರಿ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಶನಿವಾರ ರಾತ್ರಿ, ಹೊಸದುರ್ಗದ ಲಾಡ್ಜ್‌ನಿಂದ ಬರೆಯುತ್ತಿದ್ದೇನೆ. ಸೈಕಲ್ ರೂಮಿನೊಳಗೇ ಇದೆ. ಬೆಲ್ಲ, ಚಿಕ್ಕಿ, ಬಾಳೆಹಣ್ಣು ನಾಲ್ಕು ಪಾಲು ಮಾಡಿದ್ದೇವೆ. ಎಂಟು ಟ್ಯೂಬ್, ಎರಡು ಪಂಪ್. ಗಡುವಿಗೆ ನಾಲ್ಕೂ ಜನ ಒಪ್ಪಿದ್ದೇವೆ.

ಹೊಳಲ್ಕೆರೆ ಮೇಷ್ಟ್ರು

ಮಲಗಿ ಈಗ. ಮಧ್ಯಾಹ್ನ ನಮ್ಮೂರ ಬಯಲು ಗಣಪತಿ ಹತ್ತಿರ ಎಳನೀರು ಇಟ್ಟುಕೊಂಡು ಕಾಯುತ್ತಿರುತ್ತೇನೆ.

ಬೆಣ್ಣೆನಗರಿ ಸವಾರ

ಮುಗಿಸಿದೆವು. ಮೂವರು ಪೂರ್ತಿ, ಒಬ್ಬರು ದುರ್ಗದ ತನಕ.

6:10ಕ್ಕೆ ಹೊರಟೆವು. ಎಂಟಕ್ಕೆ ಅಣೆಕಟ್ಟೆ. ಅಲ್ಲಿ ನಿಂತು ನೀರು ನೋಡಿದೆವು. ಯಾರೂ ಜಾಸ್ತಿ ಮಾತಾಡಲಿಲ್ಲ. ಹಿರಿಯೂರಿಗೆ ಆರು ಕಿ.ಮೀ. ಇರುವಾಗ ಗಾಳಿ ಎದ್ದಿತು. ಆ ಆರು ಕಿ.ಮೀ. ತುಳಿದಾಗಲೇ ಗೊತ್ತಾಯಿತು, 52 ಕಿ.ಮೀ. ಹಾಗೆ ಬಂದಿದ್ದರೆ ನಾವು ದುರ್ಗ ಮುಟ್ಟುತ್ತಲೇ ಇರಲಿಲ್ಲ.

ಕಷ್ಟ ಆಗಿದ್ದು ಹಿರಿಯೂರು, ದುರ್ಗದ ನಡುವೆ. ನಕ್ಷೆಯಲ್ಲಿ ನೂರು ಮೀಟರಿನಷ್ಟು ಏರು ಅಷ್ಟೇ. ಆದರೆ ಏರಿ, ಇಳಿದು, ಮತ್ತೆ ಏರಿ, ಕಾಲಿಗೆ ಲೆಕ್ಕವೇ ಸಿಗಲ್ಲ. ಲಾರಿ ದಾಟುವಾಗ ಸೈಕಲ್ ಸರಿಯೋದು ನೀವು ಹೇಳಿದ ಹಾಗೇ ಆಯಿತು. ಗೊತ್ತಿದ್ದರಿಂದ ಯಾರೂ ಗಾಬರಿ ಆಗಲಿಲ್ಲ. ಎರಡು ಪಂಕ್ಚರ್, ಎರಡೂ ಜಾಲಿ. ಎರಡು ಸಲವೂ ಬೆರಳು ಆಡಿಸಿ ಮುಳ್ಳು ತೆಗೆದೆವು. 12:40ಕ್ಕೆ ದುರ್ಗ. ಗಡುವಿನ ಒಳಗೇ ಬಂದಿದ್ದೆವು. ಆದರೂ ಬಿಪಿ ಇರುವ ನಮ್ಮಣ್ಣ, "ನನಗೆ ಇವತ್ತಿಗೆ ಇಷ್ಟು, ನಾನು ಕಾರಲ್ಲಿ ಬರ್ತೀನಿ" ಅಂದರು. ಯಾರೂ ಒತ್ತಾಯ ಮಾಡಲಿಲ್ಲ. 93 ಕಿ.ಮೀ. ತುಳಿದಿದ್ದರು.

ದುರ್ಗದಿಂದ ಹೊಳಲ್ಕೆರೆಗೆ ಬಂದ ಒಂದೂಮುಕ್ಕಾಲು ಗಂಟೆ ನಾನು ಮರೆಯಲ್ಲ. ಬೆನ್ನಿಗೆ ಗಾಳಿ, ತುಳಿದರೂ ತುಳಿಯದ ಹಾಗೆ. ಮೇಷ್ಟ್ರು ಎಳನೀರು ಹಿಡಿದುಕೊಂಡು ನಿಂತಿದ್ದರು, ಜೊತೆಗೆ ಅವರ ಮಗಳು. 5:15ಕ್ಕೆ ಹೊಸದುರ್ಗ. ಇನ್ನೂ ಬೆಳಕಿತ್ತು.

ಕೋಟೆ ಬುಡದವನು

ಓದಿ ಕಣ್ಣು ತುಂಬಿತು ಕಣ್ರೀ. ಜನವರಿಯಲ್ಲಿ ಒಂದು ಬೆಳಗ್ಗೆ ಬನ್ನಿ. ಜೋಗಿಮಟ್ಟಿ ಗೇಟ್‌ನಲ್ಲಿ ಸೈಕಲ್‌ಗೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಈ ವಾರ ಹೋಗಿ ಕೇಳಿಕೊಂಡು ಬಂದು ಇಲ್ಲೇ ಬರೆಯುತ್ತೇನೆ.

ಮೂಡಲ ಮನೆ ಹುಡುಗಿ

ನಾನೂ ಬರುತ್ತೇನೆ ಅಣ್ಣ. ಹತ್ತೋದಕ್ಕೆ 11-30 ಸಾಕಾ, ಇನ್ನೂ ದೊಡ್ಡದು ಬೇಕಾ?